ಮೀಟರು ನೋಡದೆ ಸ್ವಿಚ್ಚು ಮುಟ್ಟಬೇಡಿ

ಬಂಗಾರಪೇಟೆಯ ಪಾನಿಪುರಿಯ ಕೀರ್ತಿಯನ್ನು ಓದುಗರಿಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. ತಿಳಿನೀರಿನಂತೆ ಸಾಧುವಾಗಿ ಕಾಣುವ ಆ ಪಾನಿಯ ನಿಜಸ್ವರೂಪ ನಾಲಗೆಗೆ ತಗಲಿದ ಮೇಲೆಯೇ ತಿಳಿಯುವುದು. ಕಳೆದ ತಿಂಗಳು ಒಂದು ಸಂಜೆ ಕಾಲೇಜು ಮುಗಿಸಿಕೊಂಡು ರೈಲು ನಿಲ್ದಾಣದ ಕಡೆ ಹೊರಟವನು, ಅಂಗಡಿಯೊಂದರ ಮುಂದೆ ನಿಂತು ಒಂದು ತಟ್ಟೆ ಮುಗಿಸಿ, ಹಣ ಕೊಡಲೆಂದು ಫೋನು ತೆಗೆದೆ. ಅದು ಒಮ್ಮೆ ಮಿಣುಕಿ ಕಣ್ಣು ಮುಚ್ಚಿಕೊಂಡಿತು. ಫೋನಿನಲ್ಲಿಯೇ ಹಣ ಕೊಡುವ ಅಭ್ಯಾಸವಾದಂದಿನಿಂದ ನನ್ನ ಜೇಬಿಗೆ ನೋಟಿನ ಪರಿಚಯವೇ ತಪ್ಪಿಹೋಗಿದೆ. ಹಿಂದೆ ನಿಂತಿದ್ದವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳು. "ಪರವಾಗಿಲ್ಲ ಮೇಷ್ಟ್ರೇ, ನಾಳೆ ಕೊಡಿ" ಎಂದು ಅಂಗಡಿಯವರು ಔದಾರ್ಯ ತೋರಿದರು. ಆ ಔದಾರ್ಯ ಪಾನಿಗಿಂತಲೂ ಖಾರವಾಗಿತ್ತು.

ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನಲ್ಲಿ ಆ ವಿದ್ಯಾರ್ಥಿಗಳಲ್ಲೊಬ್ಬ ನನ್ನ ಎದುರಿಗೇ ಕುಳಿತ. ನನ್ನ ಅವಸ್ಥೆಯನ್ನು ಕಂಡು ಮರುಕಗೊಂಡು, "ಸಾರ್, ಫೋನಿನ ಜೊತೆಯಲ್ಲೇ ಬಂದಿರುವ ಬೇಡದ ಆಪ್‌ಗಳನ್ನೆಲ್ಲ ನಿಷ್ಕ್ರಿಯಗೊಳಿಸಿಬಿಡಿ. ಬ್ಯಾಟರಿ ಎರಡು ದಿನ ಬರುತ್ತೆ; ಫೋನೂ ಕುದುರೆ ಥರ ಓಡುತ್ತೆ" ಎಂದ. ಪಾಠ ಹೇಳಿಸಿಕೊಳ್ಳುವ ಸರದಿ ಅಂದು ನನ್ನದಾಗಿತ್ತು.

ಆತನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ನಾವು ಹಣ ಕೊಟ್ಟು ಮನೆ ಕೊಂಡು ಬೀಗ ತೆಗೆದು ಒಳಗೆ ಕಾಲಿಟ್ಟರೆ, ನಡುಮನೆಯಲ್ಲಿ ಇಪ್ಪತ್ತು ಮೂವತ್ತು ಮಂದಿ ಅಪರಿಚಿತರು ಚಾಪೆ ಹಾಸಿಕೊಂಡು ಕುಳಿತಿದ್ದರೆ ಹೇಗಾಗಬೇಡ? ಹೊಸ ಫೋನಿನ ಸ್ಥಿತಿಯೂ ಅದೇ. ಆಟದ ಆಪ್, ಅಂಗಡಿಯ ಆಪ್, ಸುದ್ದಿಯ ಆಪ್, ಒಂದೇ ಕೆಲಸಕ್ಕೆ ಎರಡೆರಡು ಆಪ್! ಅವುಗಳ ಒಡೆಯರು ಫೋನು ತಯಾರಿಸುವವರಿಗೆ ಹಣ ತೆತ್ತು ಜಾಗ ಹಿಡಿದಿರುವುದೂ ಉಂಟು. ಅಗ್ಗದ ಫೋನುಗಳಲ್ಲಿ ಈ ನೆಂಟರ ಸಂತತಿ ಹೆಚ್ಚಾಗಿರುವುದಕ್ಕೆ ಇದೊಂದು ಕಾರಣ. ಹಲವರನ್ನು ಹೊರಗಟ್ಟುವಂತೆಯೂ ಇಲ್ಲ. 2011ರಲ್ಲಿ ಬಂದ ಆಂಡ್ರಾಯ್ಡ್ 4ರಿಂದೀಚೆಗೆ ‘ನಿಷ್ಕ್ರಿಯಗೊಳಿಸಿ’ ಎಂಬ ಗುಂಡಿಯೊಂದನ್ನು ಇಟ್ಟಿದ್ದಾರೆ. ಅದನ್ನು ಒತ್ತಿದರೆ ನೆಂಟನು ಮನೆ ಬಿಟ್ಟು ಹೋಗುವುದಿಲ್ಲ. ಆದರೆ ಮೂಲೆಯ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತಾನೆ.

ಅಂದು ರಾತ್ರಿ ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯಲ್ಲಿ ಊಟವಾದೊಡನೆ ಕುಳಿತು, ಒಂದೇ ಉಸಿರಿಗೆ ಹತ್ತೊಂಬತ್ತು ಆಪ್‌ಗಳ ಬಾಯಿ ಮುಚ್ಚಿಸಿದೆ. ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿದೆ. ಲಘುವಾಗಿ ಓಡುತ್ತಿರುವಂತೆ ತೋರಿತು. ವಿಜಯೋತ್ಸಾಹದಲ್ಲಿ ನಮ್ಮ ತಂದೆಯವರ ಫೋನನ್ನೂ ಎತ್ತಿಕೊಂಡೆ. ಅವರು ಮಾಡುವುದು ಕರೆ, ನೋಡುವುದು ಮೊಮ್ಮಕ್ಕಳ ಚಿತ್ರ, ಉಳಿದವೆಲ್ಲ ಅವರಿಗೇಕೆ? ಹೆಸರುಗಳನ್ನು ಸರಿಯಾಗಿ ಓದುವ ತಾಳ್ಮೆಯೂ ಇಲ್ಲದೆ ಒಂದಾದಮೇಲೊಂದರಂತೆ ಒತ್ತುತ್ತ ಹೋದೆ.

ಮೂರನೆಯ ದಿನ ಬೆಳಿಗ್ಗೆ ತಂದೆಯವರು ಹಾಸಿಗೆಯಿಂದೇಳುವಾಗ ತಲೆ ತಿರುಗಿ ಗೋಡೆ ಹಿಡಿದುಕೊಂಡರು. ರಕ್ತದೊತ್ತಡ ಏರಿತ್ತು. ನಮ್ಮ ತಾಯಿ ಮಾತ್ರೆಯ ಡಬ್ಬಿ ತೆಗೆದು ನೋಡಿದರೆ ಎರಡು ರಾತ್ರಿಯ ಮಾತ್ರೆಗಳು ಹಾಗೆಯೇ ಇದ್ದುವು. "ಗಂಟೆ ಹೊಡೆಯಲೇ ಇಲ್ಲವಲ್ಲೇ" ಎಂದರು ತಂದೆಯವರು, ತಪ್ಪು ತಮ್ಮದೇ ಎಂಬಂತೆ. ರಾತ್ರಿ ಒಂಬತ್ತಕ್ಕೆ ಫೋನು ಗಂಟೆ ಹೊಡೆದಾಗ ಮಾತ್ರೆ ನುಂಗುವುದು ಅವರ ರೂಢಿ. ಆ ಗಂಟೆಯನ್ನು ಹೊಡೆಯುತ್ತಿದ್ದುದು ಫೋನಿನೊಡನೆಯೇ ಬಂದಿದ್ದ ಗಡಿಯಾರದ ಆಪ್. ನಾನು ಬಾಯಿ ಮುಚ್ಚಿಸಿದವರ ಪೈಕಿ ಅದೂ ಒಂದು.

ವೈದ್ಯರು ನೋಡಿ, ಗಾಬರಿ ಬೇಡವೆಂದು ಹೇಳಿ ಕಳುಹಿಸಿದರು. ಮನೆಗೆ ಬಂದು ನಾನು ತಲೆ ತಗ್ಗಿಸಿಕೊಂಡು ಆ ಆಪ್‌ನ್ನು ಮತ್ತೆ ಎಬ್ಬಿಸಿದೆ. ಅದೇನೋ ಎದ್ದಿತು, ಆದರೆ ಹಿಂದೆ ಗುರುತು ಹಾಕಿದ್ದ ವೇಳೆಗಳೆಲ್ಲ ಅಳಿಸಿಹೋಗಿದ್ದುವು. ನಿಷ್ಕ್ರಿಯಗೊಳಿಸುವಾಗ ಕೆಲವು ಆಪ್‌ಗಳು ಮೂಲಸ್ಥಿತಿಗೆ ಮರಳಿ, ಒಳಗಿನ ದಾಖಲೆಗಳನ್ನು ಕಳೆದುಕೊಳ್ಳುತ್ತವೆ ಎಂಬ ಎಚ್ಚರಿಕೆಯನ್ನು ಫೋನು ಅಂದೇ ಕೊಟ್ಟಿತ್ತು. ಓದದೆ ‘ಸರಿ’ ಎಂದು ಒತ್ತಿದವನು ಕನ್ನಡದ ಎಂ.ಎ.!

ತಂದೆಯವರು ಗದರಿಸಲಿಲ್ಲ. ಅವರು ಚಿನ್ನದ ಗಣಿಯ ವಿದ್ಯುತ್ ವಿಭಾಗದಲ್ಲಿ ದುಡಿದವರು. ಕೆ.ಜಿ.ಎಫ್.ನಲ್ಲಿ ಆ ಕೆಲಸಕ್ಕೊಂದು ವಂಶಾಭಿಮಾನವಿದೆ. 1902ರಲ್ಲಿ ಶಿವನಸಮುದ್ರದಿಂದ 90 ಮೈಲಿಗೂ ಮೀರಿದ ದೂರ ತಂತಿ ಎಳೆದು ಇಲ್ಲಿನ ಗಣಿಗಳಿಗೆ ವಿದ್ಯುತ್ತನ್ನು ತಂದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು ಅದಾದ ಮೇಲೆ, 1905ರಲ್ಲಿ. ತಂದೆಯವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: "ನೋಡಪ್ಪಾ, ಕರೆಂಟು ಉಳಿಸಿ ಅಂತ ನಮಗೂ ಮೇಲಿನಿಂದ ಆಗಾಗ ಹೇಳೋರು. ದೀಪ ಆರಿಸ್ತಿದ್ವಿ, ಕೆಲಸವಿಲ್ಲದ ಮಿಷನ್ನು ನಿಲ್ಲಿಸ್ತಿದ್ವಿ. ಆದರೆ ಪಂಪು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಚಿನ್ನ ತೆಗೆಯೋದಿಲ್ಲ, ಕಣ್ಣಿಗೂ ಕಾಣೋದಿಲ್ಲ. ಅದು ನಿಂತ ದಿನ ಗಣಿಯೇ ಇರೋದಿಲ್ಲ. ಮೊದಲು ಮೀಟರು ನೋಡು. ಯಾರು ಎಷ್ಟು ಎಳೀತಿದಾರೆ ಅಂತ ಗೊತ್ತಾದಮೇಲೆ ಸ್ವಿಚ್ಚಿಗೆ ಕೈ ಹಾಕು."

ಅವರು ಹೇಳಿದ್ದು ಉಪಮೆಯಲ್ಲ, ಕಂಡ ಸಂಗತಿ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕಿಳಿದಿದ್ದ ಗಣಿಗಳನ್ನು 2001ರ ಫೆಬ್ರವರಿ 28ರಂದು ಮುಚ್ಚಿದರು. ನೀರೆತ್ತುವ ಪಂಪುಗಳು ನಿಂತ ಮೇಲೆ ಶತಮಾನಕ್ಕೂ ಹೆಚ್ಚು ಕಾಲ ಕೊರೆದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು.

ನಾನು ಮೀಟರು ನೋಡಲು ಕುಳಿತೆ. ಫೋನಿಗೂ ಮೀಟರುಂಟು: ಸೆಟ್ಟಿಂಗ್ಸ್‌ನೊಳಗೆ ಬ್ಯಾಟರಿ ಎಂಬಲ್ಲಿಗೆ ಹೋದರೆ, ಕೊನೆಯ ಸಲ ಚಾರ್ಜು ಮಾಡಿದಂದಿನಿಂದ ಯಾವ ಆಪ್ ಎಷ್ಟು ಪಾಲು ತಿಂದಿದೆಯೆಂಬ ಪಟ್ಟಿ ದೊರೆಯುತ್ತದೆ. ನಿಷ್ಕ್ರಿಯಗೊಳಿಸಿದ್ದ ಹತ್ತೊಂಬತ್ತನ್ನೂ ಮತ್ತೆ ಎಬ್ಬಿಸಿ, ಒಂದು ವಾರ ಪ್ರತಿ ರಾತ್ರಿ ಆ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡೆ. ಫಲಿತಾಂಶ ನನಗೆ ಆಶ್ಚರ್ಯವನ್ನೂ ಸ್ವಲ್ಪ ನಾಚಿಕೆಯನ್ನೂ ತಂದಿತು. ನಾನು ಬಾಯಿ ಮುಚ್ಚಿಸಿದ್ದ ಹತ್ತೊಂಬತ್ತರಲ್ಲಿ ಹದಿನೇಳರ ಹೆಸರು ಪಟ್ಟಿಯಲ್ಲಿ ಒಂದು ದಿನವೂ ಕಾಣಿಸಲಿಲ್ಲ. ಅವು ನಿದ್ರಿಸುತ್ತಿದ್ದುವು, ನಿದ್ರಿಸುವವರನ್ನು ಮಲಗಿಸಿ ನಾನು ಬೀಗುತ್ತಿದ್ದೆ.

ಉಳಿದ ಎರಡು ಮಾತ್ರ ನಿಜವಾದ ಕಳ್ಳರು. ಒಂದು, ಕ್ಷಣಕ್ಷಣಕ್ಕೂ ಸುದ್ದಿ ತಂದು ಸುರಿಯುತ್ತಿದ್ದುದು. ಇನ್ನೊಂದು, ಬೀಗ ಹಾಕಿದ ಪರದೆಯ ಮೇಲೂ ಬಣ್ಣಬಣ್ಣದ ಚಿತ್ರ, ಜಾಹೀರಾತುಗಳನ್ನು ಬದಲಿಸುತ್ತಿದ್ದುದು. ಅವೆರಡನ್ನು ನಿಷ್ಕ್ರಿಯಗೊಳಿಸಿದುದರಿಂದ ಲಾಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಿಂಹಪಾಲು ತಿನ್ನುತ್ತಿದ್ದವರೇ ಬೇರೆ. ಮೊದಲನೆಯದು ಪರದೆಯ ಬೆಳಕು. ಎರಡನೆಯದು ನಾನೇ ಇಷ್ಟಪಟ್ಟು ಹಾಕಿಕೊಂಡಿದ್ದ ವಿಡಿಯೋ ಆಪ್. ಮೂರನೆಯದು ರೈಲಿನ ಪ್ರಯಾಣ: ಸಂಕೇತ ದುರ್ಬಲವಾದೆಡೆ ಫೋನು ಗೋಪುರವನ್ನು ಮುಟ್ಟಲು ಹೆಚ್ಚು ಶಕ್ತಿ ವ್ಯಯಿಸುತ್ತದೆ. ದೂರದಲ್ಲಿರುವವನನ್ನು ಕೂಗಿ ಕರೆಯುವಾಗ ಗಂಟಲು ಬೇಗ ಬತ್ತುವುದಿಲ್ಲವೆ?

ನಾಲ್ಕನೆಯದು ಬ್ಯಾಟರಿಯ ವಾರ್ಧಕ್ಯ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಪಾರಿತೋಷಕ ಬಂದರೂ ಮುಪ್ಪು ತಪ್ಪುವುದಿಲ್ಲ. ತುಂಬಿ ಬರಿದಾಗುವ ಒಂದೊಂದು ಸುತ್ತಿಗೂ ಅದರ ಹೊಟ್ಟೆ ಕೊಂಚ ಕುಗ್ಗುತ್ತದೆ. 800 ಸುತ್ತುಗಳಾದ ಮೇಲೆಯೂ ಮೂಲ ಸಾಮರ್ಥ್ಯದ ನೂರಕ್ಕೆ 80 ಭಾಗವಾದರೂ ಉಳಿದಿರಬೇಕೆಂದು ಯೂರೋಪಿನ ಒಕ್ಕೂಟ 2025ರ ಜೂನ್ 20ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆ ನಿಯಮ ಮಾಡಿದೆ. ನನ್ನ ಫೋನಿಗೆ ನಾಲ್ಕು ವರ್ಷ. ದಿನಕ್ಕೊಂದು ಸುತ್ತೆಂದರೂ 1460 ಸುತ್ತುಗಳಾದುವು. ಪಾನಿಪುರಿಯ ಅಂಗಡಿಯ ಮುಂದೆ ಅದು ಕಣ್ಣು ಮುಚ್ಚಿದುದಕ್ಕೆ ಮುಖ್ಯ ಕಾರಣ ಇದೇ. ಹೊಸ ಬ್ಯಾಟರಿ ಹಾಕಿಸಿದ ಮೇಲೆ ಫೋನು ರಾತ್ರಿಯವರೆಗೆ ನಿರಾಯಾಸವಾಗಿ ಬರುತ್ತಿದೆ.

ಹಾಗಾದರೆ ಆ ವಿದ್ಯಾರ್ಥಿಯ ಮಾತು ಸುಳ್ಳೆ? ಅರ್ಧ ಸತ್ಯ. ಹಿಂದಿನ ಫೋನುಗಳಲ್ಲಿ ಅದು ಇನ್ನೂ ಹೆಚ್ಚು ಸತ್ಯವಾಗಿತ್ತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಲ್ಲಿ, ಫೋನು ಅಲುಗದೆ ಬಿದ್ದಿರುವಾಗ ಆಪ್‌ಗಳ ಗುಪ್ತ ಕಾರ್ಯಗಳನ್ನು ತಡೆದಿಡುವ ವ್ಯವಸ್ಥೆ ಬಂದಿತು. 2018ರ ಆಂಡ್ರಾಯ್ಡ್ 9, ನಾವು ಎಷ್ಟು ಬಳಸುತ್ತೇವೆಂಬುದನ್ನು ನೋಡಿ ಆಪ್‌ಗಳನ್ನು ದರ್ಜೆಗಳಾಗಿ ವಿಂಗಡಿಸಿ, ಕೆಳದರ್ಜೆಯವಕ್ಕೆ ಹಿಡಿತ ಬಿಗಿ ಮಾಡಿತು. ಆದ್ದರಿಂದ ತೆರೆಯದೆ ಬಿಟ್ಟ ಆಪ್ ಸಾಮಾನ್ಯವಾಗಿ ಹೆಚ್ಚು ತಿನ್ನಲಾರದು.

ವೇಗದ ವಿಚಾರವೂ ಹೀಗೆಯೇ. ನೆನಪಿನ ಕೋಶ ಖಾಲಿಯಿದ್ದಷ್ಟೂ ಫೋನು ಚುರುಕೆಂದು ಅನೇಕರ ನಂಬಿಕೆ. ಗಳಿಗೆಗೊಮ್ಮೆ ಎಲ್ಲವನ್ನೂ ಒರೆಸಿಹಾಕಿದರೆ, ಮುಂದಿನ ಸಲ ತೆರೆಯುವಾಗ ಫೋನು ಮೊದಲಿನಿಂದ ಎಲ್ಲವನ್ನೂ ಜೋಡಿಸಬೇಕು. ಅಡಿಗೆ ಮುಗಿಯುವ ಮೊದಲೇ ಒಲೆ ಆರಿಸಿ ಮತ್ತೆ ಹೊತ್ತಿಸುವ ಗೃಹಿಣಿಗೆ ಸೌದೆ ಉಳಿಯುವುದೆ? ಆದರೆ ಕಡಿಮೆ ಬೆಲೆಯ, ಕಡಿಮೆ ನೆನಪಿನ ಫೋನುಗಳಲ್ಲಿ, ಸಂಗ್ರಹದ ಜಾಗವೂ ಕಿಕ್ಕಿರಿದಿರುವಾಗ, ಬೇಡದವನ್ನು ನಿಷ್ಕ್ರಿಯಗೊಳಿಸಿದರೆ ಕೊಂಚ ಉಸಿರಾಟ ಸಿಕ್ಕುವುದು ನಿಜ. ಅವುಗಳ ಹೊಸ ಆವೃತ್ತಿಗಳು ಇಳಿಯುವುದು ನಿಲ್ಲುತ್ತದೆ. ಹಿಂದೆ ಇಳಿದ ಆವೃತ್ತಿಗಳ ಜಾಗ ತೆರವಾಗುತ್ತದೆ. ಮೂಲಪ್ರತಿ ಕುಳಿತಿರುವ ಜಾಗ ಮಾತ್ರ ನಮ್ಮದಾಗುವುದಿಲ್ಲ.

ಇಲ್ಲಿ ಬ್ಯಾಟರಿಗಿಂತ ದೊಡ್ಡದಾದ ಪ್ರಶ್ನೆಯೊಂದಿದೆ: ಮನೆ ಯಾರದು? ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಗೂಗಲ್ ಸಂಸ್ಥೆಗೆ 1337.76 ಕೋಟಿ ರೂಪಾಯಿ ದಂಡ ವಿಧಿಸಿತು. ಮೊದಲೇ ಹಾಕಿಟ್ಟ ತನ್ನ ಆಪ್‌ಗಳನ್ನು ಬಳಕೆದಾರರು ತೆಗೆದುಹಾಕುವುದಕ್ಕೆ ಅಡ್ಡಿ ಮಾಡಕೂಡದೆಂದೂ ಆಜ್ಞಾಪಿಸಿತು. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಆ ಆಜ್ಞೆಯೂ ಸೇರಿದಂತೆ ನಾಲ್ಕು ಆಜ್ಞೆಗಳನ್ನು ರದ್ದುಪಡಿಸಿತು. ನಾವು ಕೊಂಡ ವಸ್ತುವಿನಲ್ಲಿ ಏನಿರಬೇಕು, ಏನಿರಬಾರದು ಎಂಬುದು ನಮ್ಮ ಇಚ್ಛೆಗೆ ಬಿಟ್ಟದ್ದಾಗಬೇಕೆಂಬ ಬಯಕೆ ನ್ಯಾಯವಾದದ್ದೇ. ಬಳಸದ ಆಪ್ ಬ್ಯಾಟರಿಯನ್ನು ತಿನ್ನದಿದ್ದರೂ ನಮ್ಮ ವಿವರಗಳನ್ನು ಇಣುಕಿ ನೋಡೀತೆಂಬ ಶಂಕೆಯಿಂದ ಅದನ್ನು ನಿಷ್ಕ್ರಿಯಗೊಳಿಸುವವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಕಾರಣ ಯಾವುದೆಂಬುದು ನಮಗೆ ತಿಳಿದಿರಲಿ.

ಆದ್ದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮೊದಲು ಒಂದು ವಾರ ಮೀಟರು ನೋಡಿ. ಬಳಸದೆ ಇದ್ದರೂ ಪಟ್ಟಿಯಲ್ಲಿ ತಲೆಯೆತ್ತುವ ಆಪ್‌ನ್ನು ನಿಷ್ಕ್ರಿಯಗೊಳಿಸಿ. ಬೇಕಾದ ಆಪ್ ಹೆಚ್ಚು ತಿನ್ನುತ್ತಿದ್ದರೆ ಅದರ ಹಿನ್ನೆಲೆಯ ಕೆಲಸಕ್ಕಷ್ಟೆ ಕಡಿವಾಣ ಹಾಕಿ. ಒಂದು ದಿನಕ್ಕೆ ಒಂದೇ. ಯಾವುದನ್ನು ನಿಲ್ಲಿಸಿದಿರೆಂದು ಬರೆದಿಡಿ, ತೊಂದರೆಯಾದರೆ ಮತ್ತೆ ಎಬ್ಬಿಸಬಹುದು. ಕೀಲಿಮಣೆ, ಗಡಿಯಾರ, ಕರೆ, ಸಂದೇಶ, ಗೂಗಲ್ ಪ್ಲೇ ಸರ್ವಿಸಸ್, ವೆಬ್‌ವ್ಯೂ ಮತ್ತು ‘ಸಿಸ್ಟಂ’ ಎಂಬ ಹೆಸರು ಹೊತ್ತವು ಗಣಿಯ ಪಂಪುಗಳಿದ್ದಂತೆ. ಅವುಗಳ ತಂಟೆಗೆ ಹೋಗಬೇಡಿ. ಅವುಗಳನ್ನು ನೆಚ್ಚಿಕೊಂಡು ಬ್ಯಾಂಕಿನ ಆಪ್‌ಗಳೇ ನಡೆಯುತ್ತಿರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಮನೆಯ ಹಿರಿಯರ ಫೋನನ್ನು ಮುಟ್ಟುವ ಮೊದಲು ಅವರನ್ನೊಂದು ಮಾತು ಕೇಳಿ. ಯಾವ ಗುಂಡಿಯ ಹಿಂದೆ ಅವರ ಯಾವ ದಿನಚರಿ ನಿಂತಿದೆಯೋ ನಮಗೇನು ಗೊತ್ತು?

ಪಾನಿಪುರಿಯ ಬಾಕಿಯನ್ನು ಮರುದಿನವೇ ತೀರಿಸಿದೆ. ವಿದ್ಯಾರ್ಥಿಗೆ ನನ್ನ ಪಟ್ಟಿಯನ್ನು ತೋರಿಸಿದೆ; ಆತ ತನ್ನ ಫೋನಿನ ಮೀಟರನ್ನು ಅಲ್ಲೇ ತೆರೆದು ನೋಡಿ, ಆಟದ ಆಪ್ ಒಂದರ ಹೆಸರು ಕಂಡು ಮೌನವಾದ. ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಗಂಟೆ ಈಗ ತಪ್ಪದೆ ಮೊಳಗುತ್ತದೆ. ಆದರೂ ನಮ್ಮ ತಾಯಿ ಒಂಬತ್ತಾಗುವುದಕ್ಕೆ ಐದು ನಿಮಿಷ ಮೊದಲೇ ಮಾತ್ರೆಯನ್ನೂ ನೀರಿನ ಲೋಟವನ್ನೂ ತಂದಿಟ್ಟು, ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋಗುತ್ತಾರೆ.