ಕಸಿದುಕೊಂಡದ್ದು ತ್ಯಾಗವಾದೀತೇ?



ನಿಮ್ಮ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಲಿನ ನಡುವೆ ಕ್ರಿಸ್ಮಸ್ ಬರುತ್ತದೆ. ನಮ್ಮ ಡಫಳಾಪುರದ ಕಡೆ ಅದು ಬರುವುದು ಕಬ್ಬು ಕಡಿಯುವ ಹಂಗಾಮಿನಲ್ಲಿ. ಜತ್ತ ತಾಲೂಕು ಮಳೆ ಕಡಿಮೆಯ ಸೀಮೆ. ದೀಪಾವಳಿಯ ಹೊತ್ತಿಗೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೋಯತಾ’ ಎಂದು ಲೆಕ್ಕ ಹಿಡಿದು ಮುಕಾದಮನು ಮುಂಗಡ ಕೊಟ್ಟಿರುತ್ತಾನೆ. ಆ ಉಚಲ ತೀರುವ ತನಕ ಹೊಲದ ಬದಿಯ ಗುಡಿಸಲೇ ಮನೆ. ಜ್ವರ ಬಂದು ಒಂದು ದಿನ ಮಲಗಿದರೂ ದಂಡ ಹಿಡಿಯುವುದುಂಟು.

ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ಸಿನ ಮುಂಚಿನ ಭಾನುವಾರ ಇಂಥ ಗುಡಿಸಲುಗಳ ನಡುವೆ ಪ್ರಾರ್ಥನೆ ನಡೆಸಿದೆ. ಕ್ರಿಸ್ಮಸ್ ಎಂದರೆ ತ್ಯಾಗದ ಪ್ರೀತಿ, ಆದ್ದರಿಂದ ತಾಯಂದಿರೇ, ನಿಮ್ಮ ಕಷ್ಟವನ್ನು ಶಿಲುಬೆಯೆಂದು ಹೊತ್ತುಕೊಳ್ಳಿರಿ ಎಂದೆ. ಹೆರಿಗೆಯಾಗಿ ತಿಂಗಳು ತುಂಬುವ ಮೊದಲೇ ಕಬ್ಬಿನ ಹೊರೆ ಹೊರುತ್ತಿದ್ದ ತಾಯಿಯೊಬ್ಬಳು ಕೇಳಿದಳು: “ಅಣ್ಣಾರ, ನಾ ಇದನ್ನ ಕೊಟ್ಟಿಲ್ಲರೀ. ನನ್ನ ಕಡೆಯಿಂದ ತಗೊಂಡಾರ. ಇದಕ್ಕೂ ತ್ಯಾಗ ಅಂತಾರೇನ್ರೀ?”

ನನಗೆ ಉತ್ತರ ತೋಚಲಿಲ್ಲ. ಮನೆಗೆ ಬಂದು ಲೂಕನ ಸುವಾರ್ತೆಯನ್ನು ಮತ್ತೆ ಓದಿದೆ. ಅಲ್ಲಿ ಎರಡು ಅಪ್ಪಣೆಗಳಿವೆ. ದೇವದೂತನು ಮರಿಯಳಿಗೆ ವಿಷಯ ತಿಳಿಸುತ್ತಾನೆ. ಅವಳು ಪ್ರಶ್ನೆ ಕೇಳುತ್ತಾಳೆ, ಆಮೇಲೆ ಒಪ್ಪುತ್ತಾಳೆ. ಅವಳ ಒಪ್ಪಿಗೆಯ ಮಾತು ಸುವಾರ್ತೆಯಲ್ಲಿ ಬರೆದಿದೆ. ಚಕ್ರವರ್ತಿ ಔಗುಸ್ತನ ಖಾನೇಷುಮಾರಿಯ ಅಪ್ಪಣೆಯಾದರೋ ಯಾರನ್ನೂ ಕೇಳಲಿಲ್ಲ. ತುಂಬು ಗರ್ಭಿಣಿಯನ್ನು ಬೆತ್ಲೆಹೇಮಿನ ದಾರಿ ಹಿಡಿಸಿದ್ದು ಈ ಎರಡನೆಯದು. ಗೋದಲಿಯ ಕಷ್ಟವನ್ನೆಲ್ಲ ದೇವರ ಲೆಕ್ಕಕ್ಕೆ ಬರೆಯುವ ನಾವು ಔಗುಸ್ತನನ್ನು ಸುಮ್ಮನೆ ಬಿಟ್ಟುಬಿಡುತ್ತೇವೆ. ದೇವಾಲಯದಲ್ಲಿ ಈ ತಂದೆತಾಯಿ ಕೊಟ್ಟ ಕಾಣಿಕೆಯೂ ಕುರಿಮರಿಗೆ ಗತಿಯಿಲ್ಲದ ಬಡವರು ಕೊಡುವ ಜೋಡಿ ಹಕ್ಕಿ.

ಹಾಗಾದರೆ ಕ್ರಿಸ್ಮಸ್ಸಿನಲ್ಲಿ ತ್ಯಾಗ ಮಾಡಿದವರು ಯಾರು? ಫಿಲಿಪ್ಪಿಯವರಿಗೆ ಪೌಲನು ಬರೆದ ಪತ್ರ ನೋಡಿರಿ. ಎಲ್ಲವೂ ಉಳ್ಳವನು ತಾನಾಗಿ ಬಿಟ್ಟುಕೊಟ್ಟು ಕೆಳಗೆ ಇಳಿದು ಬಂದನು, ದಾಸನಾದನು, ಶಿಲುಬೆಯವರೆಗೂ ಹೋದನು. ಇಳಿದು ಬರಬೇಕಾದವನು ಮೇಲಿದ್ದವನೇ.

ನಮ್ಮ ಮಿರಜ ಇದನ್ನು ಕಣ್ಣಾರೆ ಕಂಡ ಊರು. ಕೆನಡಾದಲ್ಲಿ ಹುಟ್ಟಿದ ಡಾಕ್ಟರ್ ವಿಲಿಯಂ ವಾನ್ಲೆಸ್ 1889ರಲ್ಲಿ ಈ ಸೀಮೆಗೆ ಬಂದರು. 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಸುಮಾರು ನಾಲ್ಕು ದಶಕ ಇಲ್ಲಿಯೇ ದುಡಿದರು. ಬೇರೆ ಕಡೆ ಸುಖವಾಗಿ ಇರಬಹುದಿತ್ತು, ಬಿಟ್ಟು ಬಂದರು. ಅದಕ್ಕೆ ತ್ಯಾಗವೆನ್ನೋಣ.

ಇನ್ನೊಂದು ಸಂಗತಿ. ನಮ್ಮದೇ ರಾಜ್ಯದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರದ ಸಮಿತಿಯೊಂದು ಕಬ್ಬು ಕಡಿಯುವ 82,000ಕ್ಕೂ ಹೆಚ್ಚು ಹೆಂಗಸರ ವಿಚಾರಣೆ ಮಾಡಿತು. 13,000ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಮುಟ್ಟಿನ ದಿನಗಳಲ್ಲೂ ಕೆಲಸ ತಪ್ಪಬಾರದು, ದಂಡ ಬೀಳಬಾರದು ಎಂಬುದೂ ಅದಕ್ಕೊಂದು ಕಾರಣವೆಂದು ಆ ಹೆಂಗಸರೇ ಹೇಳಿದ್ದರು. ಇದನ್ನು ಶಿಲುಬೆ ಎನ್ನುವ ಬೋಧಕನು ಯಾರ ಪಕ್ಷ? ನಾನೂ ಆ ಪಕ್ಷದಲ್ಲಿ ನಿಂತು ಮಾತಾಡಿದ್ದೆನಲ್ಲಾ ಎಂಬ ನಾಚಿಕೆ ನನಗಿದೆ.

ತೋಟದವರಾದ ನಿಮಗೆ 1951ರ ಕಾಯಿದೆಯು ಮನೆ, ವೈದ್ಯ, ಕೂಸಿನ ಮನೆ ಇವೆಲ್ಲ ಮಾಲೀಕರ ಹೊಣೆ ಎಂದಿತು. ಅದರಲ್ಲಿ ಎಷ್ಟು ಕೈಗೆ ಸಿಕ್ಕಿತೆಂಬುದು ನಿಮಗೇ ಗೊತ್ತು. ಹಕ್ಕು ಕೇಳಿದವರಿಗೆ ಪ್ರೀತಿಯಿಲ್ಲ, ತಾಳ್ಮೆಯಿಲ್ಲ ಎಂದು ಯಾರಾದರೂ ಹೇಳಿದರೆ ಹೆದರಬೇಡಿರಿ. ಕೂಲಿಯ ದಿನ ಬಿಟ್ಟು ಸಂಘದ ಸಭೆಗೆ ನೆರೆಮನೆಯವಳ ಪರವಾಗಿ ಬರುವ ಹೆಂಗಸು ತಾನಾಗಿಯೇ ಕೊಡುತ್ತಾಳೆ.

ಈ ಸಲ ನಮ್ಮ ಪ್ರಾರ್ಥನೆಗೆ ಬರುವ ಮನೆಗಳವರು ನಕ್ಷತ್ರದ ದೀಪಕ್ಕೂ ಕೇಕಿಗೂ ಇಟ್ಟ ಹಣದಲ್ಲಿ ಅರ್ಧವನ್ನು ಟೋಳಿಯವರ ಕಂಬಳಿಗೆ ಎತ್ತಿಟ್ಟಿದ್ದೇವೆ. ಡಿಸೆಂಬರ್ 24ರ ರಾತ್ರಿ ಹೊಲದ ಗುಡಿಸಲುಗಳಿಗೇ ಹೋಗುವುದು. ಜೊತೆಗೆ ಒಂದು ನೋಟುಬುಕ್ಕನ್ನೂ ಒಯ್ಯುತ್ತಿದ್ದೇನೆ. ಯಾರು ಎಷ್ಟು ಉಚಲ ಪಡೆದರು, ಎಷ್ಟು ಟನ್ನು ಕಡಿದರು, ಎಷ್ಟು ದಂಡ ಹಿಡಿದರು ಎಂದು ಅವರ ಎದುರಿಗೇ ಬರೆದು, ಓದಿ ಹೇಳಿ, ಪುಸ್ತಕವನ್ನು ಅವರ ಕೈಗೇ ಕೊಟ್ಟು ಬರಬೇಕೆಂದಿದೆ.