ಮರ ಹತ್ತುವವನ ಸೊಂಟದ ಹಗ್ಗ: ಗಂಟೋ, ಹೊಲಿಗೆಯೋ?

ಮಳೆಗಾಲಕ್ಕೆ ಮುನ್ನ ಬೋರ್ಡೋ ಮದ್ದಿನ ಮಾತು ನಮ್ಮ ಕಾಸರಗೋಡು ಕಡೆಯ ಎಲ್ಲ ಅಡಿಕೆ ಮನೆಗಳಲ್ಲಿಯೂ ನಡೆಯುತ್ತದೆ. ಮೈಲುತುತ್ತಿನ ಬೆಲೆಯೆಷ್ಟು, ಸುಣ್ಣ ಒಳ್ಳೆಯದುಂಟೋ, ಪಂಪಿನ ವಾಶರು ಬದಲಿಸಿದ್ದಾಯಿತೋ ಎಂದು ವಿಚಾರಿಸುತ್ತೇವೆ. ಆ ಮದ್ದನ್ನು ಐವತ್ತು ಅಡಿ ಎತ್ತರದಲ್ಲಿ ಕುಳಿತು ಬಿಡುವವನು ಯಾವ ಹಗ್ಗದಿಂದ ತನ್ನನ್ನು ಮರಕ್ಕೆ ಕಟ್ಟಿಕೊಂಡಿದ್ದಾನೆ ಎಂದು ಕೇಳುವುದು ಅಪರೂಪ. ಹಗ್ಗ ಅವನದು, ಜೀವವೂ ಅವನದು ಎಂಬಂತೆ ನಾವು ಇದ್ದುಬಿಟ್ಟಿದ್ದೇವೆ.

ಈಚೆಗೆ ಈ ವಿಷಯದಲ್ಲಿ ಎರಡು ಪಕ್ಷಗಳಾಗಿವೆ. ಬೆಲ್ಟು ಮಾರುವವರೂ ತರಬೇತಿ ಕೊಡುವವರಲ್ಲಿ ಕೆಲವರೂ, ಗಂಟು ಹಾಕಿದ ಹಗ್ಗವನ್ನು ಬಿಸಾಡಿ ಕಾರ್ಖಾನೆಯಲ್ಲಿ ಹೊಲಿದ ಪಟ್ಟಿಯನ್ನೇ ಕೊಳ್ಳಬೇಕೆನ್ನುತ್ತಾರೆ. ಹಳೆಯ ಕೆಲಸಗಾರರು, ನಮ್ಮ ಗಂಟು ನಮಗೆ ಗೊತ್ತು, ಆ ಹೊಲಿಗೆಯನ್ನು ಯಾರು ಹಾಕಿದರೆಂದು ಯಾರಿಗೆ ಗೊತ್ತು ಎನ್ನುತ್ತಾರೆ. ಎರಡು ಮಾತಿನಲ್ಲಿಯೂ ಹುರುಳಿದೆ. ಆದರೆ ಎರಡನ್ನೂ ಪೂರ್ತಿಯಾಗಿ ಒಪ್ಪಲು ನಮಗೆ ಮನಸ್ಸಿಲ್ಲ.

ಮೊದಲು ಗಂಟಿನ ಮೇಲಿನ ದೂರನ್ನು ನೋಡೋಣ. ನೆಟ್ಟಗಿರುವ ಹಗ್ಗದಲ್ಲಿ ಎಲ್ಲ ಎಳೆಗಳೂ ಸಮನಾಗಿ ಭಾರ ಹೊರುತ್ತವೆ. ಗಂಟಿನಲ್ಲಿ ಹಗ್ಗ ಚೂಪಾಗಿ ಬಾಗುವುದರಿಂದ ಹೊರಬದಿಯ ಎಳೆಗಳ ಮೇಲೆ ಭಾರವೆಲ್ಲ ಬಿದ್ದು, ಒಳಬದಿಯವು ಸುಮ್ಮನೆ ಕುಳಿತಿರುತ್ತವೆ. ಆದುದರಿಂದ ಒಳ್ಳೆಯ ಗಂಟಿನಲ್ಲಿಯೂ ಹಗ್ಗದ ಬಲ ಕಾಲು ಪಾಲಿನಿಂದ ಮೂರನೆಯ ಒಂದು ಪಾಲಿನ ತನಕ ಕುಗ್ಗುತ್ತದೆ. ಕೆಟ್ಟ ಗಂಟಾದರೆ ಅರ್ಧಕ್ಕೂ ಇಳಿದೀತು. ಹೊಲಿದ ಕಣ್ಣಿನಲ್ಲಿ ಈ ನಷ್ಟ ಬಹಳ ಕಡಮೆ. ಹೊಲಿಗೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ, ಕಟ್ಟಿದವನ ಕೈಗುಣವನ್ನೂ ಅದು ಅವಲಂಬಿಸಿಲ್ಲ. ಯುರೋಪಿನ ನಿಯಮದಂತೆ ಇಂಥ ಬಟ್ಟೆಯ ಪಟ್ಟಿ ಸುಮಾರು 2200 ಕಿಲೊ ಎಳೆತವನ್ನು ತಾಳಬೇಕು. ಲೆಕ್ಕ ಇಷ್ಟೇ ಆಗಿದ್ದರೆ ನಾವು ಈ ಲೇಖನವನ್ನು ಬರೆಯುತ್ತಲೇ ಇರಲಿಲ್ಲ.

ಆದರೆ ಬೀಳುವ ಮನುಷ್ಯನಿಗೆ ಹಗ್ಗ ಹರಿಯದಿದ್ದರೆ ಸಾಲದು, ಅದು ಅವನ ಬೆನ್ನನ್ನೂ ಮುರಿಯಬಾರದು. ಅರವತ್ತು ಕಿಲೊ ತೂಕದ ಆಳು ಒಂದು ಮೀಟರು ಕೆಳಕ್ಕೆ ಬಿದ್ದನೆನ್ನಿ. ಹಿಗ್ಗದ ಪಟ್ಟಿ ಅವನನ್ನು ಐದು ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ ಸರಾಸರಿ 1260 ಕಿಲೊ ತೂಕದ ಸೆಳೆತ ಅವನ ಸೊಂಟಕ್ಕೆ ಬೀಳುತ್ತದೆ. ಅದೇ ಬೀಳುವಿಕೆ ಇಪ್ಪತ್ತೈದು ಸೆಂಟಿಮೀಟರಿನಲ್ಲಿ ನಿಧಾನವಾಗಿ ನಿಂತರೆ ಸೆಳೆತ 300 ಕಿಲೊ ಮಾತ್ರ. ಬೀಳುವವನ ಮೈಮೇಲೆ ಸುಮಾರು 600 ಕಿಲೊಗಿಂತ ಹೆಚ್ಚು ಸೆಳೆತ ಬೀಳದಂತೆ ಪೆಟ್ಟು ಹೀರುವ ಸಾಧನಗಳಿರಬೇಕೆಂಬುದು ಅದೇ ಯುರೋಪಿನ ಇನ್ನೊಂದು ನಿಯಮ. ಇಲ್ಲಿ ಗಂಟು ತನ್ನ ಗುಣವನ್ನು ತೋರಿಸುತ್ತದೆ. ಎಳೆತ ಬಿದ್ದೊಡನೆ ಗಂಟು ಬಿಗಿಯುತ್ತದೆ, ಬಿಗಿಯುವಾಗ ಸ್ವಲ್ಪ ಜಾರುತ್ತದೆ, ಆ ಜಾರುವಿಕೆಯಲ್ಲಿ ಪೆಟ್ಟಿನ ಒಂದು ಪಾಲು ಸವೆದುಹೋಗುತ್ತದೆ. ಬ್ರಿಟನ್ನಿನ ಕೆಲಸದ ಸುರಕ್ಷತೆಯ ಸರಕಾರಿ ಸಂಸ್ಥೆಯು ಹಗ್ಗದಲ್ಲಿ ನೇತು ದುಡಿಯುವವರ ಸಲಕರಣೆಗಳನ್ನು ಪರೀಕ್ಷೆ ಮಾಡಿಸಿ 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದನ್ನು ಕಾಣಬಹುದು. ಕಡಲಿನ ಎಣ್ಣೆ ಬಾವಿಗಳಲ್ಲಿ, ದೊಡ್ಡ ಸೇತುವೆಗಳಲ್ಲಿ ನೇತಾಡಿ ಕೆಲಸ ಮಾಡುವ ಆ ಜನ, ಹಿಗ್ಗುವ ಹಗ್ಗಕ್ಕೆ ಗಂಟು ಹಾಕಿದ ಕಟ್ಟುಹಗ್ಗವನ್ನು ಇಂದಿಗೂ ಬಳಸುತ್ತಾರೆ. ಹೊಲಿದದ್ದನ್ನೂ ಬಳಸುತ್ತಾರೆ. ಅವರು ನಾಚದ ಕಡೆ ನಾವೇಕೆ ನಾಚಬೇಕು?

ಮುಖ್ಯವಾದ ಮಾತು ‘ಹಿಗ್ಗುವ ಹಗ್ಗ’ ಎಂಬುದು. ನಮ್ಮ ತೋಟಗಳಲ್ಲಿ ಕಾಣುವುದು ಪೇಟೆಯ ಹಾರ್ಡ್‌ವೇರ್ ಅಂಗಡಿಯ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ. ದನ ಕಟ್ಟಲು, ಬಾವಿಯ ಕೊಡಪಾನಕ್ಕೆ ಅದು ಸಾಕು. ಅದರ ಮೈ ನುಣುಪಾದುದರಿಂದ ಗಂಟು ನಿಲ್ಲುವುದಿಲ್ಲ. ಬಿಸಿಲಿಗೆ ಅದರ ಎಳೆಗಳು ಪುಡಿಯಾಗುತ್ತವೆ. ಬೇಸಗೆಯೊಂದನ್ನು ಜಗಲಿಯ ಮಾಡಿನಡಿ ಕಳೆದ ಆ ಹಗ್ಗವನ್ನು ಉಗುರಿನಿಂದ ಕೆರೆದು ನೋಡಿ, ಹಿಟ್ಟು ಉದುರಿದರೆ ಅದು ಮರದ ಮೇಲಿನ ಹಗ್ಗವಲ್ಲ. ಗಂಟನ್ನು ಹೊಗಳುವ ನಮ್ಮ ಮಾತು ಈ ಹಗ್ಗಕ್ಕೆ ಸಲ್ಲದು. ಪರ್ವತ ಹತ್ತುವವರಿಗೆ ಮಾಡಿದ ನೈಲಾನು ಹಗ್ಗ, ಹತ್ತು ಹನ್ನೊಂದು ಮಿಲಿಮೀಟರು ದಪ್ಪದ್ದು, ಕೆಲವು ಕಿಲೊ ಅಡಿಕೆಯ ಬೆಲೆಗೆ ಬೇಕಾದಷ್ಟು ದೊರೆಯುತ್ತದೆ. ಸುಡುವ ಬೆಂಕಿಕಡ್ಡಿಯಿಂದ ತುದಿಯನ್ನು ಕರಗಿಸಿ ಮುಚ್ಚಬೇಕು. ಎಂಟರ ಆಕಾರದ ಗಂಟನ್ನೋ ಪೀಪಾಯಿಯಂತೆ ಸುತ್ತಿಬರುವ ಗಂಟನ್ನೋ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಎಳೆದು ಬಿಗಿಸಬೇಕು. ಬಾಲ ಅರ್ಧ ಗೇಣಿಗಿಂತ ಕಡಮೆ ಇರಕೂಡದು. ಇದನ್ನು ನೆಲದಲ್ಲಿ ಮಾಡಬೇಕೇ ಹೊರತು ಮರದ ಮೇಲಲ್ಲ.

ಇನ್ನು ಪಟ್ಟಿಯ ಪಕ್ಷದವರು ಮರೆಯುವ ಒಂದು ಸಂಗತಿಯುಂಟು. ಕಬ್ಬಿಣದ ಅಟ್ಟಳಿಗೆಯಲ್ಲಿ ಕೊಂಡಿಯನ್ನು ಸಿಕ್ಕಿಸಲು ಅಡ್ಡ ತೊಲೆ ಇರುತ್ತದೆ. ಅಡಿಕೆ ಮರಕ್ಕೆ ಕೊಂಬೆಯಿಲ್ಲ, ರೆಂಬೆಯಿಲ್ಲ. ಸಪೂರದ ಕಂಬ, ಮಳೆಗಾಲದಲ್ಲಿ ಪಾಚಿ ಬೇರೆ. ಪಟ್ಟಿಯನ್ನು ಮರಕ್ಕೆ ಬರಿದೆ ಸುತ್ತಿ ಕೊಂಡಿ ಹಾಕಿದರೆ, ಆಳು ಬಿದ್ದಾಗ ಪಟ್ಟಿಯೂ ಅವನೊಡನೆ ಬುಡದ ತನಕ ಇಳಿದುಬಂದೀತು. ಅದು 2200 ಕಿಲೊ ತಾಳಿದರೇನು, 5000 ತಾಳಿದರೇನು? ಹಗ್ಗ ಮರವನ್ನು ಬಿಗಿಯಾಗಿ ಹಿಡಿಯಬೇಕು. ಎರಡು ಸುತ್ತು ಬರಬೇಕು ಇಲ್ಲವೇ ಕುಣಿಕೆಯಾಗಿ ಬಿಗಿಯಬೇಕು, ಮೇಲೆ ಹೋದಂತೆ ಮರ ಸಪೂರವಾಗುವಾಗ ಅದೂ ಕಿರಿದಾಗಬೇಕು. ವಿದೇಶಗಳಲ್ಲಿ ದೊಡ್ಡ ಮರಗಳನ್ನು ಸವರುವ ಕೆಲಸಗಾರರು ಇದಕ್ಕೆ ಒಂದು ಹಿಡಿಗಂಟನ್ನು ಬಳಸುತ್ತಾರೆ. ದಪ್ಪ ಹಗ್ಗದ ಮೇಲೆ ಸಪೂರ ಹಗ್ಗವನ್ನು ಮೂರು ಸುತ್ತು ಸುತ್ತಿದ ಆ ಗಂಟು, ಕೈಯಿಂದ ನೂಕಿದರೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚಿ ಹಿಡಿಯುತ್ತದೆ. ಆಸ್ಟ್ರಿಯದ ಕಾರ್ಲ್ ಪ್ರುಸಿಕ್ 1931ರಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಅವರ ಹಗ್ಗಗಳಲ್ಲಿ ತುದಿಯ ಕಣ್ಣು ಹೊಲಿದದ್ದು, ನಡುವಿನ ಹಿಡಿತ ಗಂಟಿನದು. ನಮ್ಮ ಅಭಿಪ್ರಾಯವೂ ಇದೇ. ಮೈಗೆ ತೊಡುವ ಬೆಲ್ಟು, ಬೆಲ್ಟಿನ ಕಣ್ಣು, ಕೊಂಡಿ ಸೇರುವ ತುದಿ ಇವೆಲ್ಲ ಹೊಲಿದದ್ದಾಗಿರಲಿ. ಸೊಂಟಕ್ಕೆ ಮಾತ್ರ ಬರುವ ಬೆಲ್ಟು ಬೇಡ, ತೊಡೆ ಹೆಗಲುಗಳನ್ನು ಹಿಡಿಯುವಂಥದು ಬೇಕು. ಮರವನ್ನು ಹಿಡಿಯುವ ಜಾಗದಲ್ಲಿ ಗಂಟಿಗೆ ಸಮನಾದುದನ್ನು ನಾವು ಕಂಡಿಲ್ಲ. ಹೊಲಿಗೆ ಬಿಟ್ಟ ಪಟ್ಟಿಯನ್ನು ಪೇಟೆಯ ಚಪ್ಪಲಿ ಹೊಲಿಯುವವನಿಂದ ಹೊಲಿಸಿ ಮತ್ತೆ ಮರಕ್ಕೆ ಕೊಂಡೊಯ್ಯುವುದಂತೂ ಕೂಡದೇ ಕೂಡದು. ಅದರ ನೂಲು ಬೇರೆ, ಯಂತ್ರ ಬೇರೆ.

ರಬ್ಬರು ಇರುವ ಮನೆಗಳಿಗೆ ಒಂದು ವಿಶೇಷ ಎಚ್ಚರಿಕೆ. ಹಾಲು ಹೆಪ್ಪುಗಟ್ಟಿಸಲು ತರುವ ಫಾರ್ಮಿಕ್ ಆಸಿಡ್ ನೈಲಾನಿಗೆ ವಿಷ. ಗಟ್ಟಿ ಆಸಿಡ್ಡಿನಲ್ಲಿ ನೈಲಾನು ಬೆಲ್ಲದಂತೆ ಕರಗಿಹೋಗುತ್ತದೆ. ಆಸಿಡ್ ಕ್ಯಾನಿನ ಪಕ್ಕದ ಮೊಳೆಗೆ ಬೆಲ್ಟನ್ನು ತೂಗಹಾಕುವ ಕೊಟ್ಟಿಗೆಗಳು ಎಷ್ಟಿಲ್ಲ! ಹನಿ ಬಿದ್ದ ಜಾಗ ಕಣ್ಣಿಗೆ ಕಾಣಿಸದಿರಬಹುದು. ಬ್ಯಾಟರಿಯ ಆಸಿಡ್ ಕೂಡ ಅಂಥದೇ. ಬೋರ್ಡೋ ಮದ್ದು ತಾಗಿದ ಹಗ್ಗವನ್ನು ಆ ಸಂಜೆಯೇ ಬರಿಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಸುಣ್ಣದ ಹರಳು ಎಳೆಗಳೊಳಗೆ ಸೇರಿದರೆ ಅರದಂತೆ ಉಜ್ಜುತ್ತದೆ.

ಕಾರ್ಬನ್ ದೋಟಿ ಬಂದಿದೆಯಲ್ಲ, ಇನ್ನು ಮರ ಹತ್ತುವುದೇಕೆ ಎನ್ನುವವರಿದ್ದಾರೆ. ದೋಟಿಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಇಳಿಜಾರಿನ ತೋಟಗಳಲ್ಲಿ, ಮುದಿ ಮರಗಳಲ್ಲಿ, ದೋಟಿ ಹಿಡಿಯಲು ಕತ್ತು ಸಾಲದವರ ಮನೆಗಳಲ್ಲಿ ಮರ ಹತ್ತುವವನು ಇನ್ನೂ ಬೇಕು. ತೆಂಗಿಗೆ ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ತೆಂಗಿನ ಮರದ ಗೆಳೆಯರೆಂಬ ತರಬೇತಿಯನ್ನು ನಡೆಸಿ, ವಿಮೆಯ ಏರ್ಪಾಡನ್ನೂ ಮಾಡಿತು. ಅದು ಯಂತ್ರದಲ್ಲಿ ತೆಂಗು ಹತ್ತುವವರಿಗೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತಿ, ಮರವನ್ನು ಬಾಗಿಸಿ ಇನ್ನೊಂದಕ್ಕೆ ದಾಟುವವನು ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟುವ ಆ ಗಳಿಗೆಯೇ ಅವನ ಅಪಾಯದ ಗಳಿಗೆ. ಅವನಿಗೆ ಒಂದಲ್ಲ, ಎರಡು ಕಟ್ಟುಹಗ್ಗ ಬೇಕು. ಹೊಸ ಮರಕ್ಕೆ ಒಂದು ಬಿಗಿದ ಮೇಲೆಯೇ ಹಳೆಯದನ್ನು ಬಿಚ್ಚುವಂತಾಗಬೇಕು. ಇದರಿಂದ ದಿನಕ್ಕೆ ಕೆಲವು ಮರ ಕಡಮೆಯಾದೀತು. ಮರಕ್ಕಿಷ್ಟೆಂದು ಕೂಲಿ ಕೊಡುವ ಮನೆಯಲ್ಲಿ ಆ ನಷ್ಟವನ್ನು ಆಳಿನ ತಲೆಗೆ ಕಟ್ಟಿದರೆ ಎರಡನೆಯ ಹಗ್ಗ ಬುಟ್ಟಿಯಲ್ಲಿಯೇ ಉಳಿಯುತ್ತದೆ. ಆದುದರಿಂದ ಹಗ್ಗವನ್ನು ದಣಿಗಳು ಕೊಳ್ಳಬೇಕು, ಹಗ್ಗ ಕಟ್ಟುವ ಹೊತ್ತಿಗೂ ಕೂಲಿ ಕೊಡಬೇಕು ಎಂಬುದು ನಮ್ಮ ಒತ್ತಾಯ. ಮರದಲ್ಲಿ ಆಳಿರುವಷ್ಟು ಹೊತ್ತು ಕೆಳಗೆ ಒಬ್ಬರಿರಬೇಕು. ಹಗ್ಗ ಹಿಡಿದು ನೇತುಬಿದ್ದವನನ್ನು ಬೇಗ ಇಳಿಸದಿದ್ದರೆ, ಉಳಿದ ಜೀವವೂ ಹೋದೀತು.

ಬೆಲ್ಟಿನೊಡನೆ ಬರುವ ಸೂಚನೆಯ ಚೀಟಿ ಇಂಗ್ಲಿಷಿನಲ್ಲಿಯೋ ಮಲಯಾಳದಲ್ಲಿಯೋ ಇರುತ್ತದೆ. ಮನೆಯಲ್ಲಿ ಓದಬಲ್ಲ ಮಕ್ಕಳಿಂದ ಓದಿಸಿ, ತಯಾರಾದ ವರ್ಷವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಒಮ್ಮೆ ಜೋರಾಗಿ ಬಿದ್ದು ಎಳೆತ ತಿಂದ ಹಗ್ಗವನ್ನೂ ಪಟ್ಟಿಯನ್ನೂ, ನೋಡಲು ಹೊಸತರಂತಿದ್ದರೂ, ಅಂದೇ ಮೊಳದುದ್ದದ ತುಂಡುಗಳಾಗಿ ಕತ್ತರಿಸಿಬಿಡಿ. ಮುಂದಿನ ವರ್ಷದ ಮದ್ದಿನ ಹೊತ್ತಿಗೆ ಯಾರ ಕೈಗಾದರೂ ಸಿಕ್ಕಿ ಅದು ಮತ್ತೆ ಮರ ಹತ್ತಬಾರದು.