ಸಾರಿನ ಹದ, ಗಿರಾಕಿಯ ಭರವಸೆ

ಮಾಟುಂಗಾದ ಆಸುಪಾಸಿನಲ್ಲಿ ಹಲವು ವರ್ಷಗಳಿಂದ ಮಧ್ಯಾಹ್ನದ ಊಟವನ್ನು ಹೊರಗೇ ಮಾಡುತ್ತ ಬಂದವರು ನಾವು. ಸೋಮವಾರ ಯಾವ ಹುಳಿ, ಗುರುವಾರ ಯಾವ ಪಲ್ಯ ಎಂಬುದನ್ನು ಫಲಕದ ಕಡೆಗೆ ನೋಡದೆಯೇ ಹೇಳಬಲ್ಲೆವು. ಬಡಿಸುವ ಮಾಣಿಗೂ ನಮ್ಮ ಗುರುತಿದೆ. ಯಾರ ಎಲೆಗೆ ಎರಡನೆಯ ಸಲ ಅನ್ನ ಬೇಕು, ಯಾರಿಗೆ ಉಪ್ಪಿನಕಾಯಿ ಬೇಡ ಎಂದು ಆತ ಕೇಳುವುದಿಲ್ಲ. ಈ ಪರಿಚಯದ ಬೆಲೆ ನಮಗೆ ತಿಳಿದದ್ದು ಅದು ಕೆಟ್ಟಾಗ.

ನಾವು ನಿತ್ಯವೂ ಹೋಗುತ್ತಿದ್ದ ಒಂದು ಊಟದ ಮನೆಯಲ್ಲಿ ಒಂದು ತಿಂಗಳು ಸಾರಿನ ರುಚಿ ಬದಲಾಯಿತು. ಬೇಳೆ ತೆಳುವಾಯಿತು, ಬೆಲ್ಲ ಹೆಚ್ಚಾಯಿತು, ಉಪ್ಪು ಒಂದು ದಿನ ಏರಿ ಮರುದಿನ ಇಳಿಯತೊಡಗಿತು. ಕೇಳಿದಾಗ ಮಾಣಿ ಮೆಲುದನಿಯಲ್ಲಿ, "ಹಳೆ ಭಟ್ರು ಊರಿಗೆ ಹೋದ್ರು, ಸ್ವಾಮಿ" ಎಂದ. ಗಲ್ಲಾದಲ್ಲಿದ್ದವರು, "ಈಗಿನ ಗಿರಾಕಿಗಳಿಗೆ ಹೀಗೇ ಬೇಕು" ಎಂದರು. ನಾವು ಗೊಣಗುತ್ತಲೇ ಉಂಡೆವು. ಆದರೆ ನಮ್ಮ ಬಳಗದ ಹಿರಿಯರೊಬ್ಬರು ಬರುವುದನ್ನೇ ನಿಲ್ಲಿಸಿದರು. ಪತ್ನಿ ತೀರಿಕೊಂಡ ಮೇಲೆ ಒಬ್ಬರೇ ಇರುವ ಅವರಿಗೆ ಆ ಊಟವೇ ದಿನದ ಪೂರ್ಣ ಊಟವಾಗಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದುದರಿಂದ ಅಲ್ಲಿಯ ಸಾರಿನ ಉಪ್ಪು, ಸಿಹಿಗಳನ್ನು ಲೆಕ್ಕಕ್ಕೆ ಹಿಡಿದೇ ಅವರ ಪಥ್ಯ ನಡೆಯುತ್ತಿತ್ತು. ಕೆಲವು ವಾರಗಳ ನಂತರ ನಾವು ಮನೆಗೆ ಹೋಗಿ ನೋಡಿದರೆ ಮಧ್ಯಾಹ್ನಕ್ಕೆ ಬ್ರೆಡ್ಡು, ಹಾಲು. "ನಾಳೆ ಹೇಗಿರುತ್ತದೋ ಗೊತ್ತಿಲ್ಲದ ಊಟಕ್ಕೆ ಮೆಟ್ಟಿಲು ಹತ್ತಿ ಹೋಗುವುದು ಈ ವಯಸ್ಸಿನಲ್ಲಿ ಬೇಡ ಅನಿಸಿತು" ಎಂದರು. ಈ ಬರಹಕ್ಕೆ ಆ ಮಾತೇ ಕಾರಣ.

ನಿತ್ಯದ ಊಟದ ಮನೆಗೆ ರುಚಿಗಿಂತಲೂ ರುಚಿಯ ಸ್ಥಿರತೆ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ವರ್ಷಕ್ಕೊಮ್ಮೆ ಹೋಗುವ ಹೋಟೆಲಿನಲ್ಲಿ ಒಂದು ಊಟ ಕೆಟ್ಟರೆ ಅಂದಿನ ಸಂಜೆಯಷ್ಟೇ ಕೆಡುತ್ತದೆ. ನಿತ್ಯದ ಗಿರಾಕಿಯ ಸಂಗತಿ ಹಾಗಲ್ಲ. ಆತನಿಗೆ ಕಚೇರಿಯಿಂದ ಸಿಗುವುದು ಮುಕ್ಕಾಲು ಗಂಟೆ. ಆರಿಸುವುದಕ್ಕೂ ಪ್ರಯೋಗಕ್ಕೂ ಸಮಯವಿಲ್ಲ. ತಿಂಗಳ ಖರ್ಚು, ಆರೋಗ್ಯ, ಮಧ್ಯಾಹ್ನದ ಕೆಲಸ ಎಲ್ಲವನ್ನೂ ಆ ಊಟದ ಮೇಲೆ ನಿಲ್ಲಿಸಿಕೊಂಡಿರುತ್ತಾನೆ. ನಿನ್ನೆ ಸಿಕ್ಕಿದ್ದು ಇಂದೂ ಸಿಗುತ್ತದೆ ಎಂಬ ಭರವಸೆಯನ್ನೇ ಆತ ಕೊಳ್ಳುವುದು.

ಮುಂಬಯಿಯ ನಮ್ಮವರ ಹೋಟೆಲುಗಳು ಬೆಳೆದದ್ದೂ ಈ ಭರವಸೆಯಿಂದಲೇ. ಮಾಟುಂಗಾ ರೈಲು ನಿಲ್ದಾಣದ ಬಳಿ 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಹೆಸರಿನಲ್ಲಿರುವ 'ಬೋರ್ಡಿಂಗ್' ಎಂಬ ಪದವನ್ನೇ ಗಮನಿಸಬೇಕು. ನೆಂಟರನ್ನು ಕರೆದುಕೊಂಡು ಎಂದೋ ಒಮ್ಮೆ ಹೋಗುವ ಜಾಗಕ್ಕೆ ಆ ಪದ ಹೊಂದುವುದಿಲ್ಲ. ಊರು ಬಿಟ್ಟು ಬಂದು ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಮಲಗುತ್ತಿದ್ದ ಗುಮಾಸ್ತರಿಗೆ, ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದುತ್ತಿದ್ದ ಹುಡುಗರಿಗೆ ಊರಿನಲ್ಲಿದ್ದುದರಲ್ಲಿ ಬದಲಾಗದೆ ಉಳಿದದ್ದು ಎಲೆಯ ಮೇಲಿನ ಅನ್ನ, ಸಾರುಗಳೇ ಎಂದರೆ ತಪ್ಪಾಗದು.

ಒಂದೇ ಬಗೆಯಾಗಿ ಅಡುಗೆ ಮಾಡುವುದು ಸುಲಭವೆಂದೂ ಅದರಲ್ಲಿ ಕಲ್ಪನೆಯಿಲ್ಲವೆಂದೂ ಕೆಲವರು ಹೇಳುವುದುಂಟು. ಒಲೆಯ ಮುಂದೆ ನಿಂತವರು ಈ ಮಾತನ್ನು ಒಪ್ಪಲಾರರು. ಹೊಸ ಅಕ್ಕಿ ಬೇಗ ಬೆಂದು ಮುದ್ದೆಯಾಗುತ್ತದೆ, ಹಳೆಯ ಅಕ್ಕಿ ಹೆಚ್ಚು ನೀರು ಬೇಡುತ್ತದೆ. ಹುಣಸೆಹಣ್ಣು ಹಳೆಯದಾದಂತೆ ಕಪ್ಪಾಗುತ್ತದೆ, ಸಾರಿನ ಬಣ್ಣವೂ ಬೇರೆಯಾಗುತ್ತದೆ. ಒಂದು ಚೀಲದ ಮೆಣಸಿನಕಾಯಿಯ ಖಾರ ಇನ್ನೊಂದರಲ್ಲಿರುವುದಿಲ್ಲ. ಟೊಮೆಟೊ ಹುಳಿಯಾದ ದಿನ ಹುಣಸೆಯನ್ನು ಕಡಿಮೆ ಮಾಡಬೇಕು. ಹನ್ನೆರಡು ಗಂಟೆಗೆ ಇಳಿಸಿದ ಸಾರು ಕುದಿಯುತ್ತಲೇ ಇದ್ದರೆ ಎರಡರ ಹೊತ್ತಿಗೆ ಗಟ್ಟಿಯಾಗಿ ಉಪ್ಪಾಗುತ್ತದೆ, ಅದಕ್ಕೆ ಬರಿಯ ನೀರು ಸುರಿದರೆ ತಡವಾಗಿ ಬಂದವನಿಗೆ ಅನ್ಯಾಯವಾಗುತ್ತದೆ. ಅಳತೆಯ ಲೋಟ ಒಂದೇ ಇದ್ದರೆ ಸಾಲದು. ಪ್ರತಿದಿನವೂ ನಾಲಗೆಯಿಂದ ನೋಡಿ, ಕೈಯಿಂದ ತಿದ್ದಿ, ಕೊನೆಗೆ ಏನೂ ಬದಲಾಗಿಲ್ಲವೆಂಬಂತೆ ಬಡಿಸಬೇಕು. ನಿತ್ಯದ ಗಿರಾಕಿಗೆ ಈ ದುಡಿಮೆ ಕಾಣುವುದಿಲ್ಲ. ಅದು ನಿಂತ ದಿನ ಮಾತ್ರ ಗೊತ್ತಾಗುತ್ತದೆ.

ಹಾಗೆಂದು ತಪ್ಪೆಲ್ಲವನ್ನೂ ಗಲ್ಲಾದ ಮೇಲೆ ಹಾಕಿದರೆ ನಾವು ಪ್ರಾಮಾಣಿಕರಾಗುವುದಿಲ್ಲ. ಸಾರು ತೆಳುವಾಗುವ ಮೊದಲು ಅದೇ ಹೋಟೆಲಿನವರು ಊಟಕ್ಕೆ ಹತ್ತು ರೂಪಾಯಿ ಏರಿಸಿದ್ದರು. ಆಗ ಗಲಾಟೆ ಮಾಡಿದವರಲ್ಲಿ ನಾವೂ ಇದ್ದೆವು. ಹಳೆಯ ಗಿರಾಕಿಗಳೆಂಬ ಸಲಿಗೆಯಿಂದ, "ಇಷ್ಟು ವರ್ಷ ಬಂದವರಿಗೂ ಇದೇ ದರವೇ?" ಎಂದು ಕೇಳಿದೆವು. ಏರಿಕೆ ಐದು ರೂಪಾಯಿಗೆ ಇಳಿಯಿತು. ಗೆದ್ದೆವೆಂದುಕೊಂಡು ಎಲೆಯ ಮುಂದೆ ಕುಳಿತೆವು. ಹತ್ತೊಂಬತ್ತು ಕಿಲೋದ ವಾಣಿಜ್ಯ ಗ್ಯಾಸ್ ಸಿಲಿಂಡರಿನ ದರ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ತೊಗರಿಬೇಳೆ, ತೆಂಗಿನಕಾಯಿಗಳ ಬೆಲೆ ಮಳೆಬೆಳೆಯನ್ನು ಅನುಸರಿಸುತ್ತದೆ, ಒಳ್ಳೆಯ ಭಟ್ಟರಿಗೆ ಒಳ್ಳೆಯ ಸಂಬಳ ಬೇಕು. ಇವೆಲ್ಲ ಏರಿದಾಗ ಊಟದ ದರವೊಂದು ಏರಬಾರದೆಂದರೆ ಬೇಳೆಯೇ ಇಳಿಯಬೇಕಾಗುತ್ತದೆ. ಹಳೆಯ ಭಟ್ಟರು ಊರಿಗೆ ಹೋದದ್ದಕ್ಕೂ ನಾವು ಉಳಿಸಿದ ಆ ಐದು ರೂಪಾಯಿಗೂ ಸಂಬಂಧವಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ಇಲ್ಲಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನ ಇತಿಹಾಸ ನೆನಪಾಗುತ್ತದೆ. 1924ರಲ್ಲಿ ಶುರುವಾದ ಆ ಹೋಟೆಲು ತುರ್ತುಪರಿಸ್ಥಿತಿಯ ಕಾಲದ ದರ ನಿಯಂತ್ರಣಕ್ಕೆ ಸಿಕ್ಕಿಕೊಂಡಿತು. ಸರಕಾರ ಗೊತ್ತುಮಾಡಿದ ದರಕ್ಕೆ ತಮ್ಮ ಗುಣಮಟ್ಟದ ತಿಂಡಿ ಕೊಡಲು ಸಾಧ್ಯವಿಲ್ಲವೆಂದು ಕಂಡಾಗ ಮಾಲೀಕರು ಗುಣಮಟ್ಟವನ್ನು ಇಳಿಸಲಿಲ್ಲ, ಹೋಟೆಲನ್ನೇ ಮುಚ್ಚಿದರು. ಮನೆಯಲ್ಲಿ ಬೇಯಿಸಿಕೊಳ್ಳುವ ಸಿದ್ಧ ಮಿಶ್ರಣಗಳ ಮಾರಾಟಕ್ಕೆ ತೊಡಗಿ, ಕೆಲವು ವರ್ಷಗಳ ನಂತರ ಮತ್ತೆ ಬಾಗಿಲು ತೆರೆದರು. ಎಲ್ಲ ಸಣ್ಣ ಹೋಟೆಲುಗಳಿಗೂ ಅಂಥ ಶಕ್ತಿ ಇರುವುದಿಲ್ಲ. ಆದರೆ ದರವನ್ನು ಬಲವಂತವಾಗಿ ಹಿಡಿದಿಟ್ಟರೆ ರುಚಿಯೋ ಬಾಗಿಲೋ ಎರಡರಲ್ಲಿ ಒಂದು ಹೋಗುತ್ತದೆಂಬುದು ಅಲ್ಲಿ ಸ್ಪಷ್ಟವಾಗಿದೆ.

ಆದ್ದರಿಂದ ಹೋಟೆಲಿನವರಲ್ಲಿ ನಮ್ಮ ಬಿನ್ನಹವಿಷ್ಟೆ. ದರ ಏರಿಸಬೇಕಾದರೆ ಏರಿಸಿ, ಒಂದು ವಾರ ಮೊದಲು ಫಲಕದಲ್ಲಿ ಬರೆಯಿರಿ. ಒಂದು ಪಲ್ಯ ಕಡಿಮೆ ಮಾಡಬೇಕಾದರೆ ಬಹಿರಂಗವಾಗಿ ಮಾಡಿ. ಭಟ್ಟರು ರಜೆಯಲ್ಲಿದ್ದರೆ ಅದನ್ನೂ ಹೇಳಿ, ನಾವು ಸಹಿಸಿಕೊಳ್ಳುತ್ತೇವೆ. ಹೇಳದೆ ಸಾರನ್ನು ತೆಳುಮಾಡಬೇಡಿ. ನಮ್ಮಂಥ ಗಿರಾಕಿಗಳೂ ಗಲ್ಲಾದ ಮುಂದಿನ ಸಲಿಗೆಯನ್ನು ದರ ಇಳಿಸುವುದಕ್ಕೆ ಬಳಸದೆ, ಸಾರು ಕೆಟ್ಟ ದಿನ ಕೆಟ್ಟಿದೆ, ಚೆನ್ನಾಗಿದ್ದ ದಿನ ಚೆನ್ನಾಗಿದೆ ಎಂದು ಹೇಳುವುದಕ್ಕೆ ಬಳಸಬೇಕು.

ಕಳೆದ ತಿಂಗಳು ನಾವು ನಾಲ್ವರು ಸೇರಿ ಆ ಗಲ್ಲಾದವರಲ್ಲಿ ಇದನ್ನೇ ಹೇಳಿದೆವು. ಬಿಟ್ಟುಕೊಟ್ಟ ಐದು ರೂಪಾಯಿ ಸೇರಿಸಿಕೊಳ್ಳಿ, ಹಳೆಯ ಹದಕ್ಕೆ ಮರಳಿ ಎಂದೆವು. ಅವರು ಹೂಂ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. "ಭಟ್ರಿಗೆ ಒಮ್ಮೆ ಫೋನು ಮಾಡಿ ನೋಡ್ತೇನೆ" ಎಂದರು. ಸಾರು ಮೊದಲಿನಂತಾದ ಮೇಲೂ ಒಂದು ವಾರ ಕಾದು ನೋಡಿಯೇ ನಮ್ಮ ಹಿರಿಯರಿಗೆ ಸುದ್ದಿ ಮುಟ್ಟಿಸಬೇಕೆಂದಿದ್ದೇವೆ. ಒಂದು ದಿನದ ಒಳ್ಳೆಯ ಸಾರನ್ನು ನಂಬಿ ಅವರನ್ನು ಮತ್ತೆ ಆ ಮೆಟ್ಟಿಲು ಹತ್ತಿಸುವುದು ಸರಿಯಲ್ಲ.